ಕಡ ಕೊಡಬಾರದ ಹೆಪ್ಪು

ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವುದಿಲ್ಲ ಕೊಟ್ರಮ್ಮ.
ಅದಕ್ಕೇ ಲ್ಯಾಬಿಗೆ ಹೋಗುವ ಮುನ್ನ, ಬೆಳಿಗ್ಗೆ ಏಳಕ್ಕೆ,
ಸ್ಟೀಲ್ ಬಟ್ಟಲು ಹಿಡಿದು ಅವಳ ಗಾಡಿಯ ಹತ್ತಿರ ನಿಲ್ಲುತ್ತೇನೆ.
ಕಾವಲಿಯ ಮೇಲೆ ದೋಸೆ, ದೋಸೆಯ ಮೇಲೆ
ಕರಗುತ್ತ ಜಾರುವ ಬೆಣ್ಣೆ.
ಇಡೀ ದಾವಣಗೆರೆ ತಿನ್ನುತ್ತದೆ. ಅವಳು ತಿನ್ನುವುದಿಲ್ಲ.
ಹನ್ನೊಂದು ವರ್ಷ.

ಅವಳಿಗೆ ಈ ಊರಿನ ನಕ್ಷೆಯೇ ಬೇರೆ.
ಬಸ್ ಸ್ಟ್ಯಾಂಡಿನ ಶೌಚಾಲಯಕ್ಕೆ ನೂರಾ ನಲವತ್ತು ಹೆಜ್ಜೆ,
ಬಟ್ಟೆ ಅಂಗಡಿಯವರದ್ದಕ್ಕೆ ಸದಾ ಬೀಗ,
ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಿದ್ದರೆ ದೇವರೇ ಗತಿ.
ನೆತ್ತರು ಕಂಡ ದಿನ ಗಾಡಿ ಇಡುವುದಿಲ್ಲ.
"ಊರಿಗೆ ಹೋಗಿದ್ದೆ" ಎನ್ನುತ್ತಾಳೆ ಗಿರಾಕಿಗಳಿಗೆ.
ಯಾವ ಊರು ಎಂದು ಯಾರೂ ಕೇಳಿಲ್ಲ.

ನಾನು ಅವಳಿಗೆ ಹೇಳಿದ್ದು ಹೀಗೆ:
ಕಳ್ಳ ಬಂದನೆಂದು ಕಾವಲುಗಾರರು ಮನೆಗೇ ಬೆಂಕಿ ಇಟ್ಟಿದ್ದಾರೆ.
ಕಳ್ಳನಿರಲಿಲ್ಲ.
ಜಗಳದ ನಡುವೆ ಹೆಗಲ ಮೇಲೆ ಕೈಯಿಟ್ಟು
"ಸಾಕು ಬಿಡ್ರಪ್ಪ" ಎನ್ನುವ ಹಿರಿಯನಂಥ
ಒಂದು ಪ್ರೋಟೀನು ಇದೆ.
ಸೂಜಿಯಲ್ಲಿ ಕೊಟ್ಟರೆ ಮೈಯೆಲ್ಲ ಅಲೆದು
ಬೇಕಾದ ಓಣಿಗೆ ಬರುವಷ್ಟರಲ್ಲಿ ದನಿ ಉಡುಗಿರುತ್ತದೆ.
ನುಂಗಿದರೆ ಹೊಟ್ಟೆಯ ಆಮ್ಲ ಬೇಳೆಯಂತೆ ಬೇಯಿಸಿಬಿಡುತ್ತದೆ.

ಆದ್ದರಿಂದ ನಮ್ಮ ಮೂರನೇ ಮಹಡಿಯಲ್ಲಿ
ಮೊಸರಿನ ಬ್ಯಾಕ್ಟೀರಿಯಾವೊಂದನ್ನು ಹಿಡಿದು
ಅದರ ಬರಹದೊಳಗೆ ಮನುಷ್ಯರ ಒಂದು ವಾಕ್ಯ ಸೇರಿಸಿದೆವು.
ಅರ್ಥ ಗೊತ್ತಿಲ್ಲದೆ ಮಗ್ಗಿ ಒಪ್ಪಿಸುವ ಹುಡುಗನಂತೆ
ಅದು ಓದುತ್ತಲೇ ಇರುತ್ತದೆ.
ಓದಿದ್ದು ಪ್ರೋಟೀನಾಗಿ ಹೊರಬೀಳುತ್ತದೆ,
ನೊಂದ ಕರುಳಿನ ಪಕ್ಕದಲ್ಲೇ.

"ಅಂದ್ರೆ ಮೊಸರೇ ಏನವ್ವ?"
"ಮೊಸರಿನ ವಂಶ."
"ಹಂಗಾದ್ರೆ ಒಂದು ಸಲ ಕೊಡು ಸಾಕು, ದಿನಾ ನಾನೇ ಹೆಪ್ಪು ಹಾಕ್ಕೋತೀನಿ.
ಬಾಷಾ ನಗರದ ಮಾಬುನ್ನಿಗೂ ಹಿಂಗೇ ಐತೆ,
ಮಂಡಕ್ಕಿ ಭಟ್ಟಿ ಮುಂದೆ ಕುಂತೋಳು ಎದ್ದು ಓಡ್ತಾಳೆ.
ಅವಳಿಗೂ ಒಂದು ಚಮಚ."

ಆಗಲ್ಲ ಎನ್ನಬೇಕಾಯಿತು.
ಅದರದ್ದೇ ಒಂದು ಜೀನ್ ಕಿತ್ತು, ಕಿತ್ತ ಜಾಗದಲ್ಲಿ
ಆ ವಾಕ್ಯ ಕೂರಿಸಿದ್ದೇವೆ.
ನಾವು ಬೆರೆಸುವ ಥೈಮಿಡಿನ್ ಇಲ್ಲದೆ ಅದು ಮೂರು ದಿನ ಬದುಕದು.
ಚರಂಡಿಗೆ, ಕೆರೆಗೆ, ಇನ್ನೊಬ್ಬರ ಹೊಟ್ಟೆಗೆ
ಹೇಳದೆ ಕೇಳದೆ ಹೋಗಿ ಒಕ್ಕಲು ಕೂರಬಾರದು.
ಅದಕ್ಕೊಂದು ಸಮಿತಿ, ಹದಿನಾಲ್ಕು ಸಹಿ.
ಪ್ಲೇಟಿನಲ್ಲಿ ಏನೂ ಬೆಳೆಯದ ದಿನ
ನಮ್ಮಲ್ಲಿ ಸಿಹಿ ಹಂಚಿದರು.

ಬೆಣ್ಣೆ ಸವರುವ ಕೈ ನಿಂತಿತು.
"ಕಡ ಕೊಡಾಕೆ ಬರದ್ದು ಎಂಥಾ ಹೆಪ್ಪವ್ವ ಅದು."
ಕೋಪವಿರಲಿಲ್ಲ. ಹೆಪ್ಪಿನ ಬಗ್ಗೆ ಕನಿಕರ.

ಆದರೂ ಬಂದಳು, ಪೂರ್ತಿ ಹೆಸರು ಬರೆದು ಸಹಿ ಮಾಡಿದಳು.
ಎಂಟು ವಾರ, ದಿನಕ್ಕೆರಡು ಮಾತ್ರೆ.
ಅರ್ಧ ಜನಕ್ಕೆ ಬರೀ ಪಿಷ್ಟ. ಯಾರಿಗೆ ಯಾವುದೆಂದು
ನನಗೂ ಗೊತ್ತಿಲ್ಲ, ಡಬ್ಬಿಯ ಮೇಲೆ ನಂಬರು ಮಾತ್ರ.
ಅವಳದು ಮೂವತ್ತೇಳು.

ಆರನೇ ವಾರ, ಗಿರಾಕಿ ಇಲ್ಲದ ಹೊತ್ತಲ್ಲಿ
ದೋಸೆಯ ಗರಿಗರಿ ಅಂಚು ಮುರಿದು
ನಿಂತೇ ಬಾಯಿಗೆ ಹಾಕಿಕೊಂಡಳು.
ಅಗಿದಳು. ಬಸ್ ಸ್ಟ್ಯಾಂಡಿನ ಕಡೆ ನೋಡಿದಳು.
ಓಡಲಿಲ್ಲ. ಅಂದು ಓಡಲಿಲ್ಲ, ಅಷ್ಟೇ;
ಒಂದು ಬೆಳಗನ್ನು ನಾವು ದತ್ತಾಂಶ ಎನ್ನುವುದಿಲ್ಲ.

ಕೊನೆಯ ಗುರುವಾರ ಡಬ್ಬಿ ತಂದುಕೊಟ್ಟಳು.
ಖಾಲಿ ಪಾತ್ರೆ ತಿರುಗಿಸಬಾರದೆಂದು
ತಳದಲ್ಲಿ ನಾಲ್ಕು ಕಾಳು ಸಕ್ಕರೆ.
ನಾನು ಮಾತ್ರೆಯ ಲೆಕ್ಕ ಬರೆದೆ. ಸರಿಯಾಗಿತ್ತು.

ಸಂಜೆ ಬಾಷಾ ನಗರದ ಮೇಲೆ ಬಳಸಿ ಬಂದೆ, ಯಾಕೋ.
ಭಟ್ಟಿಯ ಹೊಗೆಯಲ್ಲಿ ಭತ್ತ ಅರಳುತ್ತಿತ್ತು.
ಮಾಬುನ್ನಿ ಕೂತಿದ್ದಳು.
ಅರ್ಧ ಗಂಟೆ ನಿಂತು ನೋಡಿದೆ,
ಕೂತೇ ಇದ್ದಳು.

ದಿನಕ್ಕೆ ಎರಡು ಮಾತ್ರೆ.
ಒಬ್ಬೊಬ್ಬರಿಗೆ ಒಂದು?
ಕೇಳಲು ಬಾಯಿ ತೆರೆದೆ; ಹಣತೆ ಹಚ್ಚುವ ಹೊತ್ತಾಗಿತ್ತು.