ಪುಟಕ್ಕೆರಡು ರೂಪಾಯಿ

ಹಾವೇರಿ ಕೋರ್ಟಿನ ಎದುರು ನನ್ನ ಝೆರಾಕ್ಸ್ ಅಂಗಡಿ.
ವಕಾಲತ್ತು, ಉತಾರ, ಯಾರದೋ ಮರಣದ ದಾಖಲೆ,
ಎಲ್ಲಾದಕ್ಕೂ ಒಂದೇ ದರ.

ಕರೆಂಟು ಹೋದಾಗ, ಗಿರಾಕಿ ಇಲ್ಲದಾಗ
ಹೆಗ್ಗೇರಿ ಕೆರಿ ಬಗ್ಗೆ ಬರಕೋತ ಕುಂತೆ.
ನಾಕು ರಾತ್ರಿನೂ ಹಿಡೀತು.
ಕೊಕ್ಕರಿಯ ಒಂದು ಕಾಲಿಗೇ ಪೂರಾ ಒಂದು ರಾತ್ರಿ:
‘ನಿಂತಿತ್ತು’ ಅನ್ನಲೋ, ‘ನಿಂತೇ ಇತ್ತು’ ಅನ್ನಲೋ.
ತಿಂಗಳು ಕಳೆದು ಖಾತೆಗೆ ಬಿದ್ದದ್ದು
ಮೂವತ್ತೇಳು ರೂಪಾಯಿ.

‘ಹದಿನೆಂಟೂವರಿ ಝೆರಾಕ್ಸು’ ಅಂದಳು ಶಿವಲೀಲಾ,
‘ಆ ಅರ್ಧಾ ಯಾರಿಗೆ ಕೊಡ್ತೀರಿ?’
ನಾನೂ ನಕ್ಕೆ.
ಎರಡು ವಾರ ಪೆನ್ನು ಬರೀ ರಸೀದಿಗೆ.

ಇವತ್ತು ದೇವಗಿರಿಯಾಕಿ ಒಬ್ಬಾಕಿ ಮೊಬೈಲು ಚಾಚಿದಳು:
‘ಇದನ್ನ ದೊಡ್ಡ ಅಕ್ಷರದಾಗ ತಗದು ಕೊಡ್ರಿ,
ನಮ್ಮ ನೆಗೆಣ್ಣಿಗೆ ಕಣ್ಣು ಮಂಜು.’
ನೋಡಿದರ, ನನ್ನ ಕೆರಿ.
ಹಿಗ್ಗಿಸಿದೆ. ಒಂದು ಪುಟದ್ದು ಮೂರಾತು.
‘ಯಾರು ಬರದಾರ ಇದನ್ನ?’
‘ಯಾರರ ಬರದಿರಲಿ ಬಿಡ್ರಿ.
ಕೊಕ್ಕರಿ ಮಾತ್ರ ಖರೇ ಐತಿ.’

ಆರು ರೂಪಾಯಿ ಎಣಿಸಿಕೊಂಡೆ.
ಹೇಳಲಿಲ್ಲ. ಬಿಡಲೂ ಇಲ್ಲ,
ಕಾಗದ ಪುಕ್ಕಟೆ ಬರೂದಿಲ್ಲ.

ರಾತ್ರಿ ವಹಿ ತಗದು
ಮೂವತ್ತೇಳರ ಕೆಳಗೆ ಆರು ಕೂಡಿಸಿದೆ.
ನಲವತ್ತಮೂರು.
ವ್ಯಾಳ್ಯಾದ ಕಾಲಮ್ಮು ಖಾಲಿ ಬಿಟ್ಟು
ಅದರಾಗೇ, ಸಣ್ಣಗೆ, ಬರೀಲಿಕ್ಕೆ ಹತ್ತಿದೆ:
ಕೆರಿ ದಂಡಿಗೆ ಇನ್ನೊಂದು ಕೊಕ್ಕರಿ