ತೋಡಂಗ್

ಎಕ್ಸ್‌ರೇ ಬೆಳಕಿಗೆ ಹಿಡಿದರು.
ಬೆನ್ನ ನಡುವೆ ಆರು ಸ್ಕ್ರೂ, ಎರಡು ಸರಳು.
ನಾನು ಮೊದಲು ನೋಡಿದ್ದು ಥ್ರೆಡ್ಡು.
ಎಷ್ಟಾದರೂ ಐರಿ ನಾನು,
ನೋವು ಆಮೇಲೆ, ಕೆಲಸ ಮೊದಲು.
ಹದವಾಗಿ ಕೊರೆದಿದ್ದಾರೆ. ಎಲ್ಲೂ ಓರೆಯಿಲ್ಲ.

ಬಿದ್ದದ್ದು ಅಮ್ಮತ್ತಿಯಲ್ಲಿ, ನನ್ನದೇ ಕುಲುಮೆಯ ಮಾಡಿನಿಂದ.
ಶೀಟು ಗಾಳಿಗೆ ಪಟಪಟ ಅನ್ನುತ್ತಿತ್ತೆಂದು ಹತ್ತಿದೆ.
ಕಾಲಿಟ್ಟ ಪಟ್ಟಿಯ ಮೊಳೆ
ಹತ್ತು ಮಳೆಗಾಲದ ಹಿಂದೆ ನಾನೇ ಬಡಿದದ್ದು.
ತುಕ್ಕು ತಿಂದು ತಿಂದು
ಒಳಗೆ ಬರೀ ಕೆಂಪು ಪುಡಿ.

‘ಇದಕ್ಕೆ ತುಕ್ಕು ಹಿಡಿಯಲ್ಲ’ ಎಂದರು ಮೈಸೂರಿನ ಡಾಕ್ಟರ್ ಸಫೂರಾ.
ನನ್ನ ಮಗಳ ವಯಸ್ಸು, ಮುಂಗೈ ಮಾತ್ರ ಬಡಗಿಯದು.
‘ಟೈಟಾನಿಯಂ. ಮೂಳೆ ಇದನ್ನು ಹೊರಗಿನದು ಅನ್ನಲ್ಲ,
ಅಂಟಿಕೊಂಡೇ ಬೆಳೆಯುತ್ತೆ.’
ಅಯಸ್ಕಾಂತ ಹಿಡಿಯುತ್ತದಾ ಎಂದೆ. ಇಲ್ಲವಂತೆ.
ಕುಲುಮೆಯಲ್ಲಿ ಕಾಸಿದರೆ? ನಕ್ಕರು.
ಹಾಗಾದರೆ ಸುಡುಗಾಡಿನ ಸೌದೆಗೂ ಕರಗದು.
ಬೂದಿಯಲ್ಲಿ ಯಾರೋ ಆರನ್ನೂ ಹೆಕ್ಕಿ
ಐರಿಯ ಕೈಕೆಲಸ ಎಂದುಕೊಂಡರೆ
ಅಲ್ಲವೆನ್ನಲು ನಾನಿರುವುದಿಲ್ಲ.

ಬಿಲ್ಲಿನಲ್ಲಿ ಒಂದೊಂದಕ್ಕೂ ಒಂದು ಸಾಲು,
ಫೈಲಿನಲ್ಲಿ ಒಂದೊಂದಕ್ಕೂ ನಂಬರಿನ ಚೀಟಿ.
ಬೊಳ್ಳವ್ವ ಬೆರಳು ಮಡಿಸಿ ಲೆಕ್ಕ ಹಾಕಿದಳು:
ಒಂದು ಸ್ಕ್ರೂ ಅಂದರೆ ನಲವತ್ತು ಕುಡುಗೋಲು,
ಹಿಡಿ ಸೇರಿ.

ಮೂರು ತಿಂಗಳು ಮಲಗಿದಲ್ಲೇ ಕಿವಿಯಲ್ಲಿ ಕೆಲಸ.
ಹಿಂದಿನ ಕೊಟ್ಟಿಗೆಯಲ್ಲಿ ಅಳಿಯ ಪೂವಣ್ಣನ ಸುತ್ತಿಗೆ.
ಸದ್ದು ಬದಲಾಯಿತು,
ಕಬ್ಬಿಣ ಆರಿದೆ, ಇನ್ನೂ ಬಡಿಯುತ್ತಿದ್ದಾನೆ.
ಏಯ್, ಮತ್ತೆ ಕಾಸು!

ಕುಪ್ಯ ತೊಟ್ಟು ಚೇಲೆ ಬಿಗಿದವರ ಬೆನ್ನ ಹಿಂದೆ
ಒಡಿಕತ್ತಿ ಸಿಕ್ಕಿಸುವ ಹಿತ್ತಾಳೆಯ ತೋಡಂಗ್
ಎಷ್ಟು ಮಾಡಿದ್ದೇನೋ ಈ ಕೈಯಲ್ಲಿ.
ಸೊಂಟದ ಗುಣಿಗೆ ಸರಿಯಾಗಿ ಕೂರಬೇಕು ಅದು,
ಇಲ್ಲದಿದ್ದರೆ ಕುಣಿಯುವಾಗ ಕಚ್ಚುತ್ತದೆ.
ಅದೇ ಜಾಗ.
ಈಗ ಒಳಗಡೆ.
ಮಂಜು ಕವಿದ ಬೆಳಿಗ್ಗೆ ಕಚ್ಚುವುದೂ ಹಾಗೆಯೇ,
ಕತ್ತಿಯೊಂದಿಲ್ಲ ಅಷ್ಟೇ.

ನಾಟಿ ಮುಗಿದು ಕೈಲ್‌ಪೊಳ್ದ್ ಬಂತು.
ದೀಪದ ಮುಂದೆ ಕೋವಿ, ಕತ್ತಿ, ಇಕ್ಕಳ, ಸುತ್ತಿಗೆ.
ಎಲ್ಲಕ್ಕೂ ಗಂಧವಿಟ್ಟ ಬೊಳ್ಳವ್ವ
ಬಟ್ಟಲಲ್ಲಿ ಉಳಿದದ್ದನ್ನು ನೋಡಿ
‘ತಿರುಗಿ’ ಎಂದಳು.
ಅಂಗಿ ಎತ್ತಿ, ಗೇಣುದ್ದದ ಗಾಯದ ಗುರುತಿನ ಅಕ್ಕಪಕ್ಕ
ಅಂದಾಜಿನ ಮೇಲೆ ಆರು ಬೊಟ್ಟು.
‘ಐದನೆಯದು ಇನ್ನಷ್ಟು ಕೆಳಗೆ’ ಎಂದೆ.
‘ನಿಮಗೇನು ಕಾಣುತ್ತದಾ?’ ಎಂದಳು.
ಸೊಂಟದ ಬೆಲ್ಟಿಗೆ ಒಂದು ತೋಕ್ ಪೂ ಸಿಕ್ಕಿಸಿದಳು.

ದೀಪದ ಕಡೆ ನಾಲ್ಕು ಹೆಜ್ಜೆ ಇಟ್ಟಿದ್ದೆ,
ಹೂವು ಜಾರಿ ಬಿತ್ತು.
ಬಗ್ಗಬಾರದು.
ಕಾಲಲ್ಲಿ ಬದಿಗೆ ಸರಿಸೋಣವೆಂದರೆ
ಪೂಜೆಯ ಹೂವು.
ಪೂವಣ್ಣಾ ಎಂದು ಕೂಗಿದೆ.
ಅಂಗಳದಲ್ಲಿ ಯಾರಿಗೋ ಕೋವಿಯ ಕುದುರೆ ಎಳೆದು ತೋರಿಸುತ್ತಿದ್ದ,
ಕೇಳಿಸಲಿಲ್ಲ.

ನಿಂತೇ ಇದ್ದೆ,
ನೆಟ್ಟಗೆ.