ಒಂದು ರೂಪಾಯಿ ಪಕ್ಕದಲ್ಲಿಟ್ಟು

ರವಿವಾರ ಪೇಠೆಯ ಅಂಗಡಿಯವ ಅಂದು
ಒಂದೇ ರಿಂಗು ಕೊಟ್ಟಿದ್ದರೆ ಇದೇನೂ ಆಗುತ್ತಿರಲಿಲ್ಲ.
ಡಜನ್ ಆದರೆ ಒಯ್ಯಿ, ಇಲ್ಲಾ ನಡಿ, ಅಂದ.
ಅತ್ತ ಖಡಕಿಯ ಹಾಸ್ಟೆಲಿನಲ್ಲಿ
ಅರವತ್ತು ಹುಡುಗರು ತಟ್ಟೆ ಬಡಿಯುತ್ತಿದ್ದರು,
ಹನ್ನೆರಡು ಲೀಟರಿನ ಕುಕ್ಕರು
ಸೀಟಿ ಮರೆತು ಸಂದಿಯಿಂದ ಉಸಿರು ಬಿಡುತ್ತಿತ್ತು.
ಒಯ್ದೆ. ಒಂದು ಹಾಕಿದೆ. ಹನ್ನೊಂದು ಉಳಿದವು.

ಆ ಹನ್ನೊಂದರ ಫೋಟೋ ತೆಗೆದು
ಆನ್‌ಲೈನ್ ಮಾರಾಟಕ್ಕಿಟ್ಟದ್ದು ಬರೀ ಸಿಟ್ಟಿಗೆ.
ಒಂಬತ್ತು ದಿನಕ್ಕೆ ಖಾಲಿ.

ಆಮೇಲೆ ಕೇಳತೊಡಗಿದರು:
ಅಕ್ಕಾ, ನಮ್ಮದು ಅತ್ತೆಯ ಕಾಲದ್ದು, ಹೆಸರು ಅಳಿಸಿಹೋಗಿದೆ.
ದೀದಿ, ಕಂಪನಿ ಮುಚ್ಚಿತು, ಕುಕ್ಕರು ಇನ್ನೂ ಗಟ್ಟಿ ಇದೆ.
ನಾನು ಬರೆಯುತ್ತೇನೆ: ಮುಚ್ಚಳ ಬೋರಲು ಹಾಕಿ
ಒಂದು ರೂಪಾಯಿ ಪಕ್ಕದಲ್ಲಿಟ್ಟು ಫೋಟೋ ಕಳಿಸಿ.
(ಹಳೇ ರೂಪಾಯಿಯೋ ಹೊಸದೋ, ಅದನ್ನೂ ಕೇಳಬೇಕು.)
ರೂಪಾಯಿಯ ಜೊತೆಗೇ ಬರುತ್ತವೆ
ಅರಿಶಿನ ಹತ್ತಿದ ಒಂದು ಹೆಬ್ಬೆರಳು,
ಕಟ್ಟೆಯ ಮೇಲೆ ಅರ್ಧ ಹೆಚ್ಚಿದ ಬೀನ್ಸು,
ಈರೋಡಿನಾಕೆಯ ಮುಚ್ಚಳಕ್ಕೆ
ಮೊಳೆಯಿಂದ ಕೊರೆದ ಮದುವೆಯ ಇಸವಿ.

ರಾತ್ರಿ ಪಾಕೀಟು ಕಟ್ಟುತ್ತೇನೆ.
ಟೇಪಿನ ಕರ್ರ್ ಸದ್ದಿಗೆ ಪಕ್ಕದ ಖೋಲಿಯ ಕೂಸು ಏಳುತ್ತದೆಂದು
ಕಂಬಳಿಯೊಳಗೆ ಕೈಯಿಟ್ಟು ಹರಿಯುತ್ತೇನೆ.

ಗಾಯಕವಾಡರ ತನ್ಮಯ, ಕಾಮರ್ಸು ಓದಿದವ,
ಒಂದು ಸಂಜೆ ಲೆಕ್ಕ ಹಾಕಿ ತೋರಿಸಿದ:
ಮಾವಶೀ, ತಿಂಗಳಿಗೆ ನಲವತ್ತು ಪಾಕೀಟು,
ಪಾಕೀಟಿಗೆ ಹದಿನೆಂಟು ರೂಪಾಯಿ. ಇದು ಧಂದೆ ಅಲ್ಲ, ಚಟ.
ಬಂದ್ ಮಾಡು. ಹೊಸ ಹೆಸರು, ಹೊಸ ಖಾತೆ,
ಪರಿಮಳದ ಮೇಣದಬತ್ತಿ ಮಾರೋಣ.
ಅವನು ಎಳೆದ ಗೆರೆ ಹಾಳೆ ದಾಟಿ
ಮೇಜಿನ ಬಟ್ಟೆಯ ಮೇಲೂ ಏರಿತ್ತು.

ಸುಳ್ಳೇಕೆ, ಆಸೆಯಾಯಿತು.
ಖಾತೆ ತೆರೆದೂ ಬಿಟ್ಟೆ.
ಹೆಸರಿನ ಕೆಳಗೆ ಐದು ಖಾಲಿ ನಕ್ಷತ್ರ.
ನಲವತ್ತಾರರಲ್ಲಿ ಮತ್ತೆ ಹೊಸ ಸೊಸೆಯಾಗಿ
ಯಾರ್‍ಯಾರಿಗೋ ಸಾರಿನ ರುಚಿ ತೋರಿಸಬೇಕು.

ಬೆಳಿಗ್ಗೆ ಹಳೇ ವಹಿ ತೆಗೆದೆ.
ಮಾರಿದ್ದು ಬರೆದ ಪುಟ ಅಲ್ಲ,
ಹಿಂದಿನಿಂದ ಶುರುವಾಗುವ ಪುಟ, ಇಲ್ಲ ಅಂದವು.
ಸೀಟಿ ಇದೆಯಾ? ಇಲ್ಲ.
ಹಿಡಿಕೆಯ ಸ್ಕ್ರೂ? ಇಲ್ಲ.
ಒಳಗಿಂದ ಕೂರುವ ಮುಚ್ಚಳಕ್ಕೆ, ಮೊಟ್ಟೆಯಾಕಾರದ್ದು?
ಇಲ್ಲ, ಇಲ್ಲ, ಮತ್ತೆ ಇಲ್ಲ.
ಬೆರಳಿಟ್ಟು ಎಣಿಸಿದೆ, ನೂರಾ ಎಂಬತ್ತೇಳು.
ಗಿರಾಕಿ ಸಾಲದೆಂದು ಕೊರಗಿದವಳು
ಮೂರು ವರ್ಷ ನಾನೇ ಬಾಗಿಲಲ್ಲಿ ನಿಂತು
ಬಂದವರನ್ನು ತಿರುಗಿಸಿ ಕಳಿಸಿದ್ದೆ.

ಭಿಶಿಯಲ್ಲಿ ನನ್ನ ಸರದಿ ಡಿಸೆಂಬರಿಗಿತ್ತು.
ವೈಜಯಂತಿಯ ಜೂನ್ ಬೇಡಿ ಪಡೆದೆ,
ಬದಲಿಗೆ ಎರಡು ತಿಂಗಳು ಅವಳ ಮನೆಯ ಚಪಾತಿ ನನ್ನದು.
ಭೋಸರಿಯ ಅಚ್ಚಿನವ
ಐನೂರಕ್ಕೆ ಕಮ್ಮಿ ಎರೆಯುವುದಿಲ್ಲ ಅಂದ.
ಅದೇ ಮಾತು!
ಡಜನ್ನು ಬೆಳೆದು ಐನೂರಾಗಿದೆ, ಅಷ್ಟೆ.
ಹೂಂ ಅಂದೆ.

ಈಗ ಮಂಚದ ಕೆಳಗೆ ಮೊಟ್ಟೆಯಾಕಾರದ ಐನೂರು.
ಹೊದಿಕೆಗೂ ಅನ್ನಕ್ಕೂ ರಬ್ಬರಿನ ವಾಸನೆ.
ಎಪ್ಪತ್ತಮೂರು ಹೋದವು. ಉಳಿದವು ಹೋಗುತ್ತವೆಂದು
ದಾಪೋಡಿಯ ಯಾವ ದೇವರೂ ಬರೆದುಕೊಟ್ಟಿಲ್ಲ.
ಹಾಸ್ಟೆಲಿನ ಸೌಟು ಬಿಟ್ಟಿಲ್ಲ, ಬೆಳಗಿನ ಲೋಕಲ್ ಬಿಟ್ಟಿಲ್ಲ.
ಪಾಕೀಟಿನ ಮೇಲೆ ವಿಳಾಸ ಈಗ ತನ್ಮಯನೇ ಬರೆಯುತ್ತಾನೆ,
ಒಂದಕ್ಕೆ ಎರಡು ರೂಪಾಯಿ. ಅಕ್ಷರ ಚೆಂದ.

ನಿನ್ನೆ ನಮ್ಮನೆಯ ಕುಕ್ಕರೇ ಸೋರಿತು.
ಮಂಚದ ಕೆಳಗೆ ತಡಕಾಡಿದೆ, ನಮ್ಮ ಅಳತೆಯದೊಂದೂ ಇಲ್ಲ.
ಅಂಚಿಗೆ ಗೋಧಿಹಿಟ್ಟು ಮೆತ್ತಿ ಒಲೆಗಿಟ್ಟು,
ಹಿಟ್ಟಿನ ಕೈಯಲ್ಲೇ ವಹಿಯ ಹಿಂದಿನ ಪುಟ ತೆರೆದು ಬರೆದೆ:
ರುದ್ರವ್ವ ಹಳ್ಯಾಳ. ಮೂರು ಲೀಟರಿನದು.
ಸದ್ಯಕ್ಕೆ ಇಲ್ಲ.